ಗೋಡೆಗೆ ಹಚ್ಚಿದ ನೋಟೀಸು

ಕಾರವಾರದ ಬಂದರಿನ ಪಕ್ಕದಲ್ಲಿರುವ ಮೀನುಗಾರರ ಸಹಕಾರಿ ಸಂಘವೊಂದರಲ್ಲಿ ನಾನು ಗುಮಾಸ್ತೆ. ಬಿ.ಕಾಂ. ಮುಗಿಸಿ, ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತ ಒಂಬತ್ತು ವರ್ಷವಾಯಿತು. ಈ ಅವಧಿಯಲ್ಲಿ ಕಂಡ ಮೂರ್ಖತನವನ್ನೆಲ್ಲ ಮರೆಯುತ್ತ ಬಂದಿದ್ದೇನೆ. ಒಂದನ್ನು ಮಾತ್ರ ಮರೆಯಲಾಗಿಲ್ಲ. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ, ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ, ಕರೆಯದೆ ಕಣ್ಣೆದುರು ಬಂದು ನಿಲ್ಲುತ್ತದೆ: ಬಿಳಿ ಕೋಲಿನ ತುದಿ ಕೆಳಗೆ ತಾಗಲು ಏನೂ ಸಿಗದೆ ಗಾಳಿಯಲ್ಲಿ ಆಡಿದ್ದು.

ಆ ಕೋಲು ನಮ್ಮ ಆಫೀಸಿನ ಅಂಧ ಗುಮಾಸ್ತರದು. ಸದಾಶಿವಗಡದವರು, ದೋಣಿಯ ಮನೆತನ. ಇಪ್ಪತ್ತರ ಆಸುಪಾಸಿನಲ್ಲಿ ದೃಷ್ಟಿ ಪೂರ್ತಿ ಹೋದ ಮೇಲೆ ಬಲೆ ಬಿಟ್ಟು ಕಂಪ್ಯೂಟರ್ ಕಲಿತರು. ನಾನು ಅವರನ್ನು ದಾದಾ ಎನ್ನುತ್ತೇನೆ, ಅವರಿಗೆ ನಾನು ತಂಗಿ. ಹವಾಮಾನದ ಎಚ್ಚರಿಕೆ, ಸರ್ಕಾರದ ಸುತ್ತೋಲೆ, ಏನೇ ಬರಲಿ, ಬಂದರಿನ ಧ್ವನಿವರ್ಧಕದಲ್ಲಿ ಓದಿ ಹೇಳುವುದು ಅವರ ಕೆಲಸ. ಕಂಪ್ಯೂಟರಿನಲ್ಲಿರುವ ಸ್ಕ್ರೀನ್ ರೀಡರ್ ಬರಹವನ್ನು ಅವರ ಬಲಗಿವಿಯಲ್ಲಿ ಓದುತ್ತ ಹೋಗುತ್ತದೆ. ಅದು ಈ ಸಾಲಿನಲ್ಲಿರುವಾಗ ಇವರು ಹಿಂದಿನ ಸಾಲನ್ನು ಮೈಕಿನಲ್ಲಿ ಹೇಳುತ್ತಿರುತ್ತಾರೆ, ಕನ್ನಡದಲ್ಲೊಮ್ಮೆ, ಕೊಂಕಣಿಯಲ್ಲೊಮ್ಮೆ. ನಾನೊಂದು ದಿನ ಆ ಇಯರ್‌ಫೋನನ್ನು ಕಿವಿಗಿಟ್ಟು ನೋಡಿದೆ. ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಚಟಪಟ, ಅಷ್ಟೆ. ಒಂದು ಶಬ್ದವೂ ತಿಳಿಯಲಿಲ್ಲ.

ಅವರಿಗೆ ಕೊಟ್ಟದ್ದು ಆಫೀಸಿನ ಅತ್ಯಂತ ಹಳೆಯ ಕಂಪ್ಯೂಟರ್. ನಮಗೆಲ್ಲ ಹೊಸದು ಬಂದಾಗ ಗುಜರಿಗೆ ಹೋಗಬೇಕಾದದ್ದನ್ನು ಅವರ ಮೇಜಿಗೆ ತಳ್ಳಿದರು. ಉಪ್ಪುಗಾಳಿಗೆ ಅದರ ಡಬ್ಬಿ ತುಕ್ಕು ಹಿಡಿದಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಒಂದು ಚಹಾ ಕುಡಿದು ಬಂದರೆ ಆಗ ಮಾತಾಡಲು ಶುರು ಮಾಡುತ್ತಿತ್ತು. ಸ್ಕ್ರೀನ್ ರೀಡರಿನ ಹೊಸ ಆವೃತ್ತಿ ಅದರ ಮೇಲೆ ಕೂರುತ್ತಿರಲಿಲ್ಲ. ಹಳೆಯದರಲ್ಲೇ ದಾದಾ ಸಂಸಾರ ತೂಗಿಸುತ್ತಿದ್ದರು. ಮಾನಿಟರನ್ನಂತೂ ಕಾರ್ಯದರ್ಶಿ ಮೊದಲ ವಾರವೇ ಕಿತ್ತುಕೊಂಡು ಹೋಗಿ ತನ್ನ ಕೋಣೆಯಲ್ಲಿ ಸಿಸಿಟಿವಿಗೆ ಜೋಡಿಸಿಕೊಂಡ. ಕಾಣದವರಿಗೆ ಪರದೆ ಯಾತಕ್ಕೆ ಎಂಬುದು ಅವನ ತರ್ಕ. ದಾದಾಗೆ ಏನಾದರೂ ಅಡಚಣೆಯಾದರೆ ಪಕ್ಕದವರು ನೋಡಿ ಹೇಳಬೇಕಲ್ಲ, ಆಗ ಎಲ್ಲಿ ನೋಡುವುದು ಎಂದು ನಾನು ಕೇಳಿದೆ. ಅವನಿಗೆ ನಗು ಬಂತು.

ಮುಖ್ಯ ತೊಂದರೆ ಬೇರೆಯೇ ಇತ್ತು. ನಮ್ಮ ಆಫೀಸು ಇಂದಿಗೂ ಕನ್ನಡವನ್ನು ಹಳೆಯ ಕಾಲದ ಫಾಂಟಿನಲ್ಲಿ ಬರೆಯುತ್ತದೆ. ನೋಡಲು ಕನ್ನಡ, ಒಳಗಿರುವುದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಸ್ಕ್ರೀನ್ ರೀಡರಿಗೆ ಸಿಗುವುದು ಒಳಗಿನದು ಮಾತ್ರ. ಹೊರಗಿನಿಂದ ಬರುವ ಸುತ್ತೋಲೆಗಳು ಒಳಗೂ ಕನ್ನಡವೇ ಇರುವ ಯೂನಿಕೋಡಿನಲ್ಲಿರುವುದರಿಂದ ದಾದಾ ಸಲೀಸಾಗಿ ಓದುತ್ತಿದ್ದರು. ನಮ್ಮ ಆಫೀಸಿನದನ್ನೇ ಓದಲಾಗುತ್ತಿರಲಿಲ್ಲ. ಬದಲಿಸಿಕೊಳ್ಳಿ ಎಂದು ಅವರು ಎರಡು ಸಲ ಅರ್ಜಿ ಕೊಟ್ಟರು. ಒಬ್ಬನಿಗಾಗಿ ಇಡೀ ಆಫೀಸಿನ ಅಕ್ಷರ ಬದಲಿಸುವುದಕ್ಕಾಗುತ್ತದೆಯೇ ಎಂದು ಕಾರ್ಯದರ್ಶಿ ನನ್ನ ಎದುರಿಗೇ ಕೇಳಿದ. ನಾನು ಟೈಪ್ ಮಾಡುತ್ತಲೇ ಇದ್ದೆ. ಬೆರಳಿಗೆ ರೂಢಿಯಾದ ಕೀಲಿಮಣೆ ಬಿಡಲು ನನಗೂ ಸೋಮಾರಿತನ.

ದಾದಾರದು ವರ್ಷ ವರ್ಷ ನವೀಕರಿಸುವ ಕೆಲಸ. ಆ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ನವೀಕರಣಕ್ಕೆ ಅವರ ಹೆಸರು ಬರುವುದಿತ್ತು. ಅವರನ್ನು ಬಿಟ್ಟು ತನ್ನ ಕಡೆಯವನೊಬ್ಬನನ್ನು ಕೂರಿಸುವುದು ಕಾರ್ಯದರ್ಶಿಯ ಇಚ್ಛೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನೆಪ ಸಿಕ್ಕಿರಲಿಲ್ಲ, ಅಷ್ಟೆ.

ಸಭೆಯ ವಾರವೇ ದೋಣಿಗಳು ನಿಲ್ಲುವ ಜೆಟ್ಟಿಯ ರಿಪೇರಿ ಶುರುವಾಯಿತು. ಆಫೀಸಿನಿಂದ ಜೆಟ್ಟಿಯ ಮೇಲೆ ಹಾದು ಚಹಾದಂಗಡಿಗೆ ಹೋಗುವ ಕಾಲುದಾರಿಯ ನಡುವಿನ ಕಾಂಕ್ರೀಟು ಹಲಗೆಯನ್ನು ಮರುದಿನ ಬೆಳಿಗ್ಗೆ ಒಡೆಯುತ್ತಾರೆ, ಆ ಕಡೆ ಯಾರೂ ಹೋಗಬಾರದು ಎಂದು ನೋಟೀಸು. ಟೈಪ್ ಮಾಡಿದವಳು ನಾನು, ಹಳೆಯ ಫಾಂಟಿನಲ್ಲೇ. ಒಂದು ಪ್ರತಿ ಗೋಡೆಗೆ, ಎಲ್ಲರಿಗೂ ಈಮೇಲ್. ಮೈಕಿನಲ್ಲಿ ಹೇಳಿಸುವುದು ಬೇಡ, ಇದು ಸಿಬ್ಬಂದಿಗೆ ಮಾತ್ರ ಎಂದ ಕಾರ್ಯದರ್ಶಿ.

ಸಂಜೆ ಐದೂವರೆಯ ಬಸ್ಸಿಗೆ ನಾನು ಚೀಲ ಹೆಗಲಿಗೇರಿಸುತ್ತಿದ್ದೆ. ದಾದಾ ಕಿವಿಯಿಂದ ಇಯರ್‌ಫೋನ್ ತೆಗೆದರು.

"ತಂಗೀ, ನಿನ್ನ ಮೇಲ್ ಬಂದದೆ. ಬರೀ ಎಬಿಸಿಡಿ ಓದ್ತದೆ. ಎಂತಾ ಅದು?"

"ಏನಿಲ್ಲ ದಾದಾ, ಗೋಡೆಗೆ ಹಚ್ಚೂದು" ಎಂದೆ. ಬಸ್ಸು ಸಿಕ್ಕಿತು.

ಮರುದಿನ ಹನ್ನೊಂದಕ್ಕೆ ಅವರು ಎದ್ದು ಚಹಾಕ್ಕೆ ಹೊರಟರು. ನಾನು ಕಡತದಲ್ಲಿ ಮುಳುಗಿದ್ದೆ. ತಲೆಯೆತ್ತಿದಾಗ ಅವರು ಆಗಲೇ ಕಿಟಕಿಯಾಚೆ ಜೆಟ್ಟಿಯ ಮೇಲಿದ್ದರು. ದಿನದ ದಾರಿ, ದಿನದ ವೇಗ. ಹದಿನೈದು ಹೆಜ್ಜೆ ಮುಂದೆ ಹಲಗೆ ಇರಲಿಲ್ಲ. ಮುರಿದ ಅಂಚಿನಿಂದ ಕಬ್ಬಿಣದ ಸರಳುಗಳು ಚಾಚಿಕೊಂಡಿದ್ದವು, ಎರಡಾಳು ಕೆಳಗೆ ಇಳಿತದ ನೀರು, ಕಲ್ಲು. ಕಂತ್ರಾಟುದಾರ ಕಟ್ಟಿದ್ದ ಒಂದೇ ಒಂದು ಕೆಂಪು ಪ್ಲಾಸ್ಟಿಕ್ ಪಟ್ಟಿಯನ್ನು ಗಾಳಿ ಬಿಚ್ಚಿ ಬಲೆಗಳ ರಾಶಿಯ ಮೇಲೆ ಹಾಕಿತ್ತು. ಮಂಜುಗಡ್ಡೆ ಕಾರ್ಖಾನೆಯ ಕಂಪ್ರೆಸರ್ ಗುಡುಗುತ್ತಿತ್ತು, ನೀರಿನ ಸದ್ದೂ ಕೇಳುವಂತಿರಲಿಲ್ಲ. ಕೂಗಿದರೂ ಅವರಿಗೆ ಕೇಳುವಂತಿರಲಿಲ್ಲ. ಕೈಯಳತೆಯಲ್ಲಿ, ಅವರದೇ ಮೇಜಿನ ಮೇಲೆ, ಮೈಕಿತ್ತು. ಒತ್ತಿ ಒಂದು ಮಾತು ಹೇಳಿದ್ದರೆ ಬಂದರೆಲ್ಲ ಕೇಳುತ್ತಿತ್ತು. ಅದು ನೆನಪಾದದ್ದು ಎಲ್ಲ ಮುಗಿದ ಮೇಲೆ. ಪದವಿ ಪಡೆದವಳು ಕಿಟಕಿಯ ಸರಳು ಹಿಡಿದು ನಿಂತೇ ಇದ್ದೆ.

ಕೋಲಿನ ತುದಿ ಅಂಚು ದಾಟಿ ಗಾಳಿಯಲ್ಲಿ ಆಡಿತು. ಹಿಂದೆಯೇ ಎಡಗಾಲು ಮೇಲೆದ್ದಿತ್ತು. ಆಗ ಬಂಗಡೆಯ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಬುಟ್ಟಿಯನ್ನು ಅಲ್ಲೇ ಎಸೆದು ಅವರ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದಳು. ಇಬ್ಬರೂ ಮೀನಿನ ಮೇಲೆ ಬಿದ್ದರು. ನಾನು ಇಳಿದು ಓಡಿ ಹೋಗುವಷ್ಟರಲ್ಲಿ ಅವಳು ಏದುಸಿರು ಬಿಡುತ್ತ ಬೈಯುತ್ತಿದ್ದಳು.

"ಎಂತಾ ಮಾರಾಯಾ, ಬೆಳಿಗ್ಗೆ ಬೆಳಿಗ್ಗೆ ಈಜೂಕೆ ಹೊರಟ್ಯಾ? ನಿಂಗೆ ಯಾರೂ ಹೇಳಿಲ್ವಾ?"

ಅವಳಿಗೆ ಓದು ಬರಹ ಬಾರದು. ಗೋಡೆಯ ನೋಟೀಸು ಅವಳಿಗೂ ನಿರುಪಯೋಗಿಯೇ. ದಾದಾ ಕೂತಲ್ಲೇ ಕೈಚಾಚಿ, ಸುತ್ತ ಬಿದ್ದ ಬಂಗಡೆಗಳನ್ನು ಒಂದೊಂದಾಗಿ ಮುಟ್ಟಿ ಅವಳ ಬುಟ್ಟಿಗೆ ಹಾಕುತ್ತಿದ್ದರು.

ನಾಲ್ಕನೆಯ ದಿನ ಆಡಳಿತ ಮಂಡಳಿಯ ಸಭೆ. ದಾದಾರನ್ನೂ ನನ್ನನ್ನೂ ಕರೆಸಿದ್ದರು. ಕಾರ್ಯದರ್ಶಿಯ ಮುಖದಲ್ಲಿ ದುಃಖ. ನೆಪ ಸಿಕ್ಕವನ ದುಃಖ. ನೋಟೀಸು ಕಳಿಸಿದ್ದೇವೆ, ಅವರು ತೆರೆದಿದ್ದಾರೆ, ದಾಖಲೆಯಿದೆ ಎಂದ. ಹಳೇ ಡಬ್ಬಾ ಕಂಪ್ಯೂಟರ್ ಓದದಿದ್ದರೆ ಸಂಘ ಏನು ಮಾಡಬೇಕು ಎಂದ. "ನಾಳೆ ಏನಾರೂ ಆದ್ರೆ ಹೊಣೆ ಯಾರು? ಮನೇಲಿ ಆರಾಮಿರ್ಲಿ. ಅವ್ರ ಒಳ್ಳೇದಕ್ಕೇ ಹೇಳೂದು." ಸದಸ್ಯರು ತಲೆಯಾಡಿಸಿದರು. ಆ ತಲೆಗಳು ಫ್ಯಾನಿನ ಗಾಳಿಗೂ ಹಾಗೆಯೇ ಆಡುತ್ತವೆ.

ನಾನು ಎದ್ದು ಆ ಡಬ್ಬಾವನ್ನೇ ಸಭೆಗೆ ಹೊತ್ತು ತಂದೆ. ಇಯರ್‌ಫೋನ್ ಕಿತ್ತು ಸ್ಪೀಕರ್ ಸಿಕ್ಕಿಸಿ, ದಾದಾಗೆ ಆ ಮೇಲ್ ತೆರೆಯಲು ಹೇಳಿದೆ. ಯಂತ್ರ ಓದಿತು. ಅಕ್ಷರ, ಅಡ್ಡಗೆರೆ, ಡಾಲರ್, ಮತ್ತೆ ಅಕ್ಷರ. ಅದರ ವಿಚಿತ್ರ ದನಿಗೆ ಇಬ್ಬರು ಸದಸ್ಯರು ಕಿಸಕ್ಕೆಂದರು. ಒಬ್ಬ ಮನುಷ್ಯನ ಜೀವ ತೆಗೆಯಲಿದ್ದ ನೋಟೀಸನ್ನು ಕೇಳಿ ನಗುವುದಕ್ಕೂ ಒಂದು ಯೋಗ್ಯತೆ ಬೇಕು. ಆಮೇಲೆ ಅದೇ ವಾಕ್ಯಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ ತಂದಿದ್ದನ್ನು ತೆರೆಸಿದೆ. ಅದೇ ಹಳೇ ಡಬ್ಬಾ ಪ್ರತಿ ಶಬ್ದವನ್ನೂ ಓದಿತು.

"ದಾದಾ ನನ್ನ ಕೇಳಿದ್ರು" ಎಂದೆ. "ಏನಿಲ್ಲ ಅಂದವಳು ನಾನೇ."

ಕಾರ್ಯದರ್ಶಿ ನನ್ನ ಕಡೆ ನೋಡಿ ಸಮಾಧಾನದಿಂದ ಕುರ್ಚಿಗೊರಗಿದ. ಬೇರೆಯವರ ತಪ್ಪು ಸಿಕ್ಕಿತಲ್ಲ.

ದಾದಾರನ್ನು ಉಳಿಸಿದ್ದು ನಮ್ಮ ಯಾರ ಮನಸ್ಸಾಕ್ಷಿಯೂ ಅಲ್ಲ. ಅಧ್ಯಕ್ಷರಿಗೆ ಎರಡು ಟ್ರಾಲರ್ ಬೋಟುಗಳಿವೆ. "ಗಾಳಿ ಎದ್ದಾಗ ನನ್ನ ಹುಡುಗ್ರು ಕೇಳೂದು ಇವ್ನ ದನಿ. ಬೇರೆಯವ್ನು ಓದಿದ್ರೆ ಅರ್ಧ ಜನ ಕಿವಿಗೇ ಹಾಕ್ಕೊಳ್ಳೂದಿಲ್ಲ" ಎಂದರು. ಒಂದು ವರ್ಷಕ್ಕೆ ನವೀಕರಣವಾಯಿತು. ಫಾಂಟಿನ ವಿಷಯ ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ.

ಹೊರಗೆ ಬಂದು ನಾನು ಕ್ಷಮೆ ಕೇಳಿದೆ. ದಾದಾ ಕೋಲನ್ನು ಮಡಚಿದರು.

"ಸಿಟ್ಟು ಅದೆ, ತಂಗಿ. ಇಲ್ಲ ಅಂತ ಸುಳ್ಳು ಹೇಳೂದಿಲ್ಲ."

ನಾನೀಗ ಯೂನಿಕೋಡಿನಲ್ಲೇ ಟೈಪ್ ಮಾಡುತ್ತೇನೆ. ಅಕ್ಷರ ಸಣಕಲು ಕಾಣುತ್ತದೆ ಎಂದು ಕಾರ್ಯದರ್ಶಿ ಗೊಣಗುತ್ತಾನೆ. ಪ್ರತಿ ನೋಟೀಸೂ ಮೊದಲು ದಾದಾಗೆ ಹೋಗಬೇಕು, ಅವರದೇ ನಿಯಮ. ಅವರು ಕೇಳಿ, ಒಂದೊಂದು ಸಾಲನ್ನೂ ನನಗೇ ತಿರುಗಿ ಒಪ್ಪಿಸಿ, ಸರಿಯೆಂದ ಮೇಲೆಯೇ ಅದು ಗೋಡೆಗೆ. ನೀರಿನ ಟ್ಯಾಂಕು ತೊಳೆಯುವ ಎರಡು ಸಾಲಿನ ನೋಟೀಸಾದರೂ ಅಷ್ಟೆ. ಬಸ್ಸಿನ ಹೊತ್ತಾಗಿರುತ್ತದೆ. ನಾನು ಗೋಂದಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ. ಅವರು ಅವಸರ ಮಾಡುವುದಿಲ್ಲ.