ಕೇಳದೆ ತಂದ ಗೆಲ್ಲು

ಸುಳ್ಯದಿಂದ ಬಂದ ಅತ್ತೆ ನರಿಮೊಗರಿನ ನಮ್ಮ ಜಗಲಿಯ ಚುಕ್ಕೆ ಎಲೆಯ ಬಿಗೋನಿಯಾ ಗಿಡ ಕಂಡು ಅಲ್ಲೇ ಕೂತುಬಿಟ್ಟರು. ಸೆರಗಿನ ತುದಿಯಿಂದ ಒಂದೊಂದೇ ಎಲೆ ಒರೆಸತೊಡಗಿದರು. ಅರವತ್ತರ ದಶಕದ ಮಾತು. ನಾನಾಗ ಹೈಸ್ಕೂಲಿನ ಹುಡುಗಿ.

"ನನ್ನ ಮಗಳು ನೆಟ್ಟದ್ದೂ ಹೀಗೆಯೇ ಇತ್ತು. ಅವಳು ತೀರಿಹೋದ ಮೇಲೆ ದಿನಾ ಬೆಳಿಗ್ಗೆ ಅದರ ಎಲೆ ಒರೆಸಿದ್ರೆ ಮನಸ್ಸಿಗೆ ಸ್ವಲ್ಪ ಸಮಾಧಾನ ಆಗ್ತಿತ್ತು. ಯಾರೋ ಗೆಲ್ಲು ಮುರಿದ್ರು. ಮತ್ತೆ ಬುಡವೇ ಕೊಳೆತು ಹೋಯ್ತು ಮಾರಾಯ್ತಿ," ಎಂದರು ಅಮ್ಮನಿಗೆ.

ಅಮ್ಮ ಬೆಲ್ಲ, ನೀರು ಹಿಡಿದು ನಿಂತೇ ಇದ್ದರು. ಕದ್ದು ತಂದ ಗೆಲ್ಲು, ಅಂದರೆ ಮುರಿದು ನೆಡುವ ರೆಂಬೆ, ಚೆನ್ನಾಗಿ ಬೇರು ಬಿಡುತ್ತದೆಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಹಿಂದಿನ ಮಳೆಗಾಲದಲ್ಲಿ ಅತ್ತೆಯ ಮನೆಯ ಕಿಟಕಿಯಲ್ಲಿದ್ದ ಆ ಗಿಡದ ಗೆಲ್ಲು ಮುರಿದು, ಸೆರಗಿನೊಳಗೆ ಅಡಗಿಸಿ ತಂದವರು ಅಮ್ಮನೇ.

ಹೊರಡುವಾಗ ಅತ್ತೆ ಸಂಕೋಚದಿಂದ ಕೇಳಿದರು: "ನಂಗೊಂದು ಗೆಲ್ಲು ಕೊಡ್ತೀಯಾ? ಕೇಳಿ ತಕೊಂಡದ್ದು ಬದುಕುದಿಲ್ಲ ಅಂತಾರೆ. ಆದ್ರೂ ಕದಿಲಿಕ್ಕೆ ಮನಸ್ಸು ಬರುದಿಲ್ಲ."

ಅಮ್ಮ ಕೊಟ್ಟ ಆ ಗೆಲ್ಲು ಚಿಗುರಲಿಲ್ಲವಂತೆ. ಅಮ್ಮ ಕೊನೆಯವರೆಗೂ ಅತ್ತೆಗೆ ನಿಜ ಹೇಳಲಿಲ್ಲ. ಆದರೆ ಅತ್ತೆ ಹೋದ ಮರುದಿನದಿಂದ ಬೆಳಿಗ್ಗೆ ಎದ್ದೊಡನೆ ಜಗಲಿಯಲ್ಲಿ ಕೂತು ಆ ಎಲೆಗಳನ್ನು ಒರೆಸುತ್ತಿದ್ದರು. ಅತ್ತೆಗೆ ಸಿಗುತ್ತಿದ್ದ ಸಮಾಧಾನ ಅದರಿಂದ ಅಮ್ಮನಿಗೆ ಸಿಕ್ಕಿದ್ದನ್ನು ನಾನು ಕಾಣಲಿಲ್ಲ.