ಬುದ್ಧನ ಮುಂದೆ ಅಂಗಿ

ನಮ್ಮ ಕಡೆ ದೇವಸ್ಥಾನದ ಒಳಗೆ ಹೋಗುವಾಗ ಗಂಡಸರು ಅಂಗಿ, ಬನಿಯನ್ ಎರಡೂ ತೆಗೆಯಬೇಕು. ನನ್ನ ಗಂಡ ಈ ಪ್ರಾಯದವರೆಗೆ ಅಂಗಿ ಹಾಕಿಕೊಂಡು ಯಾವ ದೇವರ ಮುಂದೆಯೂ ನಿಂತವರಲ್ಲ. ಊರಿನ ಸೆಕೆಗೆ ಅದು ಒಳ್ಳೆಯದೇ. ಆದರೆ ಹೋದ ಚಳಿಗಾಲದಲ್ಲಿ ಮೊಮ್ಮಗಳು ನಮ್ಮಿಬ್ಬರನ್ನು ಬೈಲಕುಪ್ಪೆಯ ಬೌದ್ಧರ ದೇವಸ್ಥಾನಕ್ಕೆ, ಅದೂ ಸೂರ್ಯ ಹುಟ್ಟುವ ಹೊತ್ತಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ನನಗೆ ನೆನಪಾದದ್ದು ದೇವರಲ್ಲ, ಇವರ ಎದೆ. ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದವರು. ಇನ್ನೊಮ್ಮೆ ಥಂಡಿ ಹಿಡಿದರೆ ಏಳುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ತಪ್ಪು ಮೊಮ್ಮಗಳದ್ದೇ. ಆಸ್ಪತ್ರೆಯಲ್ಲಿ ಬೇಸರ ಹೋಗಲಿ ಎಂದು ಬೈಲಕುಪ್ಪೆಯ ಸನ್ಯಾಸಿಗಳು ಬೆಳಗಿನ ಪ್ರಾರ್ಥನೆಗೆ ಉದ್ದದ ಕಹಳೆ ಊದುವುದನ್ನು ಮೊಬೈಲಿನಲ್ಲಿ ತೋರಿಸಿದ್ದಳು. ಅಂದಿನಿಂದ ಇವರಿಗೆ ಅದನ್ನು ಎದುರೇ ಕೂತು ಕೇಳಬೇಕೆಂಬ ಹಟ.

ಅವಳು ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವವಳು. ಮನೆಯಲ್ಲೂ ಪಾಠವೇ. "ಭುಜ, ಮೊಣಕಾಲು ಮುಚ್ಚಿರಬೇಕು. ನೆಲದಲ್ಲಿ ಕೂರ್ಲಿಕ್ಕೆ ಸಡಿಲ ಬಟ್ಟೆ ಬೇಕು. ಒಳಗೆ ಟೊಪ್ಪಿ ಹಾಕ್ಲಿಕ್ಕಿಲ್ಲ" ಎಂದಳು.

"ಭುಜ ಮುಚ್ಚುವುದು ಹೆಂಗಸರಿಗೆ" ಎಂದರು ಇವರು. "ನನಗಲ್ಲ."

"ಎಲ್ಲರಿಗೂ ಅಜ್ಜ."

"ನಿಮ್ಮ ಮೂಡುಬಿದಿರೆಯ ಬಸದಿಗೂ ನಾನು ಅಂಗಿ ತೆಗೆದೇ ಹೋದದ್ದು."

"ಅಲ್ಲಿ ನಿಮಗೆ ತೆಗೀರಿ ಅಂತ ಯಾರು ಹೇಳಿದ್ರು ಮಾರಾಯ್ರೆ?" ಎಂದೆ ನಾನು.

"ಅದನ್ನೂ ಹೇಳಿಸಿಕೊಳ್ಬೇಕಾ?"

ಮಾತಿನಲ್ಲಿ ಆಗುವ ಕೆಲಸ ಅಲ್ಲ ಎಂದು ತಿಳಿಯಿತು. ಮೆಲ್ಕಾರಿನ ಅಂಗಡಿಗೆ ಹೋಗಿ ಕುತ್ತಿಗೆ ಬಿಗಿ ಇರುವ ಉಣ್ಣೆಯ ಬನಿಯನ್ ತಂದೆ. ಇವರ ಬಲಭುಜ ಮೇಲೆ ಏಳುವುದಿಲ್ಲ, ಅದನ್ನು ಒಬ್ಬರೇ ಎಳೆದು ತೆಗೆಯಲು ಆಗುವುದಿಲ್ಲ ಎಂಬುದು ನನ್ನ ಲೆಕ್ಕ. ನನಗೆ ಹಳೆಯ ಹತ್ತಿಯ ಸೀರೆ ಸಾಕು. ರೇಷ್ಮೆ ಚಳಿಗೆ ಮೈಗೆ ತಣ್ಣಗೆ ಅಂಟುತ್ತದೆ, ಕೂತರೆ ಜಾರುತ್ತದೆ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗಳ ಬಣ್ಣದ ಕಾಲುಚೀಲ.

"ಅಜ್ಜಿ, ಸೀರೆಗೆ ಸಾಕ್ಸಾ?" ಎಂದು ನಕ್ಕಳು.

"ನಿನ್ನ ಮದುವೆಗೂ ಹೀಗೇ ಬರ್ತೇನೆ, ನೋಡು."

ಮಾಣಿಯಲ್ಲಿ ಬಲಕ್ಕೆ ತಿರುಗಿ, ಘಾಟಿ ಹತ್ತಿ, ರಾತ್ರಿ ಕುಶಾಲನಗರದಲ್ಲಿ ಉಳಿದೆವು. ಬೆಳಿಗ್ಗೆ ಕಾರಿನ ಗಾಜಿನಾಚೆ ಬರೀ ಮಂಜು. ನಾನು ಕೂತಲ್ಲಿ ಕೂರಲಿಲ್ಲ. ಇವರ ಶಾಲು ಎಳೆದೆ, ಗುಂಡಿ ಹಾಕಿದೆ, ಮತ್ತೆ ಶಾಲು ಎಳೆದೆ. "ನನ್ನನ್ನು ಪಾರ್ಸೆಲ್ ಕಟ್ತೀಯಾ?" ಎಂದು ಗದರಿದರು.

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಿರುಗುವಷ್ಟರಲ್ಲಿ ಶಾಲು ನೆಲದಲ್ಲಿ, ಅಂಗಿ ಅದರ ಮೇಲೆ. ಬನಿಯನ್ ಅರ್ಧ ಮೇಲೇರಿ ತಲೆಗೆ ಸಿಕ್ಕಿಕೊಂಡಿತ್ತು. ಹೊಟ್ಟೆ ಹೊರಗೆ, ಮುಖ ಒಳಗೆ. ಒಳಗಿನಿಂದಲೇ "ಎಳಿ ಮಗಾ!" ಎಂದು ಮೊಮ್ಮಗಳನ್ನು ಕೂಗುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ನಾನು ಬನಿಯನ್ ಹಿಡಿದು ಕೆಳಗೆ ಎಳೆದೆ.

ಆಗ ಅಲ್ಲಿಗೆ ಒಬ್ಬರು ಮುದುಕ ಸನ್ಯಾಸಿ ಬಂದರು. ಕೆಂಪು ಬಟ್ಟೆ ಸುತ್ತಿಕೊಂಡಿದ್ದರು. ಅಚ್ಚ ಮೈಸೂರು ಕಡೆಯ ಕನ್ನಡದಲ್ಲಿ, "ಹಾಕ್ಕೊಳಿ ತಾತ, ಚಳಿ ಐತೆ. ಇಲ್ಲಿ ಬಿಚ್ಚಂಗಿಲ್ಲ" ಎಂದರು.

ಇವರು ಅವರ ಬಲಗೈಯನ್ನೇ ನೋಡಿದರು. ಅದು ಭುಜದವರೆಗೆ ಬರಿದಾಗಿತ್ತು. "ಮತ್ತೆ ನಿಮ್ಮದು?"

ಸನ್ಯಾಸಿ ತಮ್ಮ ತೋಳನ್ನು ತಾವೇ ನೋಡಿಕೊಂಡು ಜೋರಾಗಿ ನಕ್ಕರು. ಇವರಿಗೆ ಅಷ್ಟೇ ಸಾಕಾಯಿತು. ಅಂಗಿಯನ್ನು ಎಡಗೈಗೆ ಮಾತ್ರ ತೊಟ್ಟು, ಬನಿಯನ್ನಿನ ಬಲತೋಳಿನಿಂದ ಕೈ ಬಿಡಿಸಿ ಕೆಳಗಿನಿಂದ ಹೊರಗೆ ತೆಗೆದು, ಶಾಲನ್ನು ಎದೆಯ ಮೇಲಿಂದ ಎಡಭುಜಕ್ಕೆ ಹಾಕಿದರು. ಅವರ ಹಾಗೆಯೇ. "ಇಷ್ಟು ಸಾಕಾ?" ಎಂದರು. ಕೇಳಿದ್ದು ಸನ್ಯಾಸಿಯನ್ನಲ್ಲ, ನನ್ನನ್ನು. ಎದೆ ಮುಚ್ಚಿತ್ತು. ನಾನು ಒಳಗೆ ನಡೆದೆ.

ಒಳಗೆ ಗೋಡೆಯ ಬದಿಯಲ್ಲಿ ಕೂತೆವು. ಪ್ರಾರ್ಥನೆ ಶುರುವಾಯಿತು. ದೊಡ್ಡ ಬುದ್ಧನ ಕಡೆಗೆ ನಾನು ಕಣ್ಣೆತ್ತಲಿಲ್ಲ. ಇವರ ಬರಿಗೈಯ ಮೇಲೆ ರೋಮ ಎದ್ದು ನಿಂತದ್ದನ್ನೇ ನೋಡುತ್ತಿದ್ದೆ. ಕಹಳೆ ಊದಿದಾಗ ನೆಲ ನಡುಗಿತು. ನನ್ನ ಕಿವಿ ಇದ್ದದ್ದು ಕೆಮ್ಮಿನ ಮೇಲೆ. ಕಿಟಕಿಯಲ್ಲಿ ಬೆಳಕು ಬೀಳುವಾಗ ಅದೂ ಬಂತು, ಒಂದೇ ಒಂದು ಸಲ. ಇವರು ನನ್ನ ಕಡೆ ತಿರುಗದೆ, ತಾವೇ ಶಾಲನ್ನು ಬಲಭುಜದ ಮೇಲೆ ಎಳೆದುಕೊಂಡರು.

"ಕಹಳೆ ಕೇಳಿ ಆಯ್ತು" ಎಂದು ಗೊಣಗಿ, ಮಂಜು ಹಿಡಿದ ಕನ್ನಡಕ ತೆಗೆದು ಒರೆಸತೊಡಗಿದರು.

ಆಗ ನಾನು ಮೊದಲ ಸಲ ಬುದ್ಧನನ್ನು ನೋಡಿದೆ. ಅವನೂ ಬಲಭುಜ ಬಿಟ್ಟುಕೊಂಡೇ ಕೂತಿದ್ದ. ಇವರು ಕನ್ನಡಕ ಹಾಕಿ ಅದನ್ನು ಕಾಣುವ ಮೊದಲೇ ನಾನು ಸ್ವಲ್ಪ ಸರಿದು, ಶಾಲಿನ ತುದಿಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟೆ.