ವಿಮಾನ ಹತ್ತುವ ಮುಂಚೆ ಓರಗಿತ್ತಿಗೆ ತೋರಿಸಿದ ಪಿಕ್ಚರ್

ಪುಟ್ಟೀ, ಚಿನ್ನೂ, ವಿಮಾನ ಬೀಳುವ ಸಿನಿಮಾಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಮೊನ್ನೆ ನೀವಿಬ್ಬರೂ ಜಗಳವಾಡುತ್ತಿದ್ದಿರಿ. ನಾನು ನೋಡಿದ್ದು ಒಂದೇ. ಅದನ್ನು ನೋಡಲೇಬೇಕೆಂದು ನಿಮ್ಮ ದೊಡ್ಡಜ್ಜಿಗೆ, ಅಂದರೆ ನಾನು ಅಕ್ಕ ಎಂದು ಕರೆಯುತ್ತಿದ್ದ ನನ್ನ ಓರಗಿತ್ತಿಗೆ, ಹೇಳಿದವಳೂ ನಾನೇ. ಬಾಯಿಬಿಟ್ಟು ಹೇಳಲು ಇವತ್ತಿಗೂ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ಲಗ್ಗೆರೆಯ ಆ ಮನೆಯಲ್ಲಿ ಯಾರು ಒಳ್ಳೆಯ ಕೆಲಸಕ್ಕೆ ಹೊರಟರೂ ಅಕ್ಕ ನನ್ನನ್ನು ಹಿಂದಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ವಿಧವೆ ಎದುರು ಬರಬಾರದಲ್ಲ. ನಿಮ್ಮ ಅಪ್ಪ ಮೊದಲ ದಿನ ಸ್ಕೂಲಿಗೆ ಹೊರಟಾಗಲೂ ಹಾಗೇ ಮಾಡಿದಳು. ನನ್ನ ಮಗ ಅಳುತ್ತಾ ಹೋದದ್ದನ್ನು ಬಾಗಿಲ ಈಚೆ ಕೂತು ಕೇಳಿಸಿಕೊಂಡೆ. ಇವಳಿಗೆ ಇದನ್ನು ವಾಪಸ್ ಕೊಡದೆ ಸಾಯುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ಪೀಣ್ಯದಲ್ಲಿ ಲೇತ್ ಕಾರ್ಖಾನೆ ಇಟ್ಟಿದ್ದ ಅಕ್ಕನ ಗಂಡ, ನಮ್ಮ ಭಾವ, ಹೊಸ ಮೆಷಿನ್ ನೋಡಲು ಬೊಂಬಾಯಿಗೆ ವಿಮಾನದಲ್ಲಿ ಹೋಗುವುದೆಂದಾಯಿತು. ಅಕ್ಕನೂ ಹಟ ಹಿಡಿದು ಹೊರಟಳು. ಆ ವಾರ ನಮ್ಮ ಟೆಂಟ್ ಸಿನಿಮಾಕ್ಕೆ ಒಂದು ಇಂಗ್ಲಿಷ್ ಪಿಕ್ಚರ್ ಬಂದಿತ್ತು. ಊದುಬತ್ತಿ ಹೊಸೆಯುವ ಕಡೆ ಒಬ್ಬಳು ಅದರ ಕತೆಯನ್ನೆಲ್ಲ ಹೇಳಿದಳು. ಮನೆಗೆ ನಾನು ಆ ಕತೆಯಲ್ಲಿ ನನಗೆ ಬೇಕಾದಷ್ಟನ್ನೇ ತಂದೆ.

"ಅಕ್ಕಾ, ವಿಮಾನದ ಒಳಗೆಲ್ಲ ತೋರಿಸ್ತಾರಂತೆ. ಒಂದ್ಸಲ ನೋಡ್ಕೊಂಡ್ರೆ ನಿಮಗೆ ಅಭ್ಯಾಸ ಆಗುತ್ತೆ."

ಜೊತೆಗೆ ನೀನೂ ಬಾ ಎಂದಳು. ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ವಿಮಾನದ ಹುಡುಗಿ ಎಲ್ಲರಿಗೂ ಕಾಫಿ ಕೊಡುವವರೆಗೆ ಅಕ್ಕ ನಗುತ್ತಿದ್ದಳು. ಆಮೇಲೆ ರೆಕ್ಕೆಗೆ ಬೆಂಕಿ ಹತ್ತಿತು. ಬಾಗಿಲು ಕಿತ್ತುಹೋಗಿ ಜನ ಗಾಳಿಗೆ ಹಾರಿದರು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಏನೇ ಇದು, ನಿಜವಾಗ್ಲೂ ಇಂಗೆ ಆಗ್ತದಾ?"

"ಇಂಗ್ಲಿಷ್‌ನೋರು ಸುಳ್ಳು ತೋರಿಸ್ತಾರಾ ಅಕ್ಕಾ?"

ಅವಳ ಉಗುರು ನಾಟಿದ ಕಡೆ ಉರಿಯುತ್ತಿತ್ತು. ಅಷ್ಟು ಸುಖ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಹೊರಡುವ ದಿನ ಅವಳು ಏಳುವ ಮೊದಲೇ ನಾನು ಬೋರ್‌ವೆಲ್ಲಿಗೆ ಹೋಗಿದ್ದೆ. ಬಾಡಿಗೆ ಕಾರಿಗೆ ಅವಳು ಕಾಲಿಡುವ ಹೊತ್ತಿಗೆ ಸರಿಯಾಗಿ ತುಂಬಿದ ಕೊಡ ಹೊತ್ತು ಎದುರು ನಿಂತೆ.

"ಅಯ್ಯೋ, ಮುಂಡೆ ಎದುರಿಗೆ ಬಂದ್ಬಿಟ್ಲು! ನಾನು ಬರಾಕಿಲ್ಲ" ಎಂದು ಅಳುವುದಕ್ಕೇ ಶುರುಮಾಡಿದಳು.

"ತುಂಬಿದ ಕೊಡ ಕಣೇ, ಒಳ್ಳೇದೇ. ಹತ್ತು. ಟಿಕೆಟ್ ದುಡ್ಡು ನಿಮ್ಮಪ್ಪ ಕೊಡ್ತಾನಾ?" ಎಂದರು ಭಾವ.

"ಕೊಡ ನೋಡ್ತೀರಲ್ಲ, ಹೊತ್ತಿರೋಳ್ನ ನೋಡ್ರೀ!"

ನಾನು ದಾರಿ ಬಿಡಲಿಲ್ಲ. ಕಾರೇ ನನ್ನನ್ನು ಬಳಸಿಕೊಂಡು ಹೋಯಿತು. ವಿಮಾನ ಬೀಳಲಿ ಎಂದು ಬೇಡಿಕೊಳ್ಳಲಿಲ್ಲ, ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಚೆನ್ನಾಗಿ ಅಲ್ಲಾಡಲಿ ಎಂದಷ್ಟೇ ಬೇಡಿಕೊಂಡೆ.

ಅಲ್ಲಾಡಿತಂತೆ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳೆಂದು ಭಾವನೇ ಬಂದು ಹೇಳಿದರು. ಮೆಷಿನ್ ಮಾತ್ರ ಅವರು ಅಂದುಕೊಂಡಿದ್ದಕ್ಕಿಂತ ಅಗ್ಗಕ್ಕೆ ಕುದುರಿತ್ತು. ಮುಂದಿನ ಸಲ ಅಕ್ಕ ಚಿಲಕಕ್ಕೆ ಕೈ ಹಾಕಿದಾಗ, "ಬಿಡೇ, ಅವಳು ಎದುರು ಬಂದಿದ್ದಕ್ಕೇ ನನ್ನ ಕೆಲಸ ಆಗಿದ್ದು" ಎಂದರು.

ನಿಮ್ಮ ಅಪ್ಪ ಪರೀಕ್ಷೆಗೆ ಹೊರಟ ದಿನ ನಾನು ಹೊಸ್ತಿಲಲ್ಲೇ ನಿಂತು ಅವನ ತಲೆ ಬಾಚಿ ಕಳಿಸಿದೆ. ಅಕ್ಕ ಒಳಗೆ ಕೂತಿದ್ದಳು. ಅವಳು ನೋಡಲಿ ಎಂದೇ ನಿಧಾನವಾಗಿ ಬಾಚಿದೆ.

ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿ. ದೊಡ್ಡಜ್ಜಿಯ ಮೊಮ್ಮಕ್ಕಳು ಕೇಳಿದರೆ ಓದಿ ಹೇಳಿ. ಕೈಗೆ ಮಾತ್ರ ಕೊಡಬೇಡಿ.